ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ (ಕರ್ನಾಟಕ)

ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನವು ಪ್ರೌಢಶಾಲಾ ಶಿಕ್ಷಣದ ವಿಸ್ತರಣೆ ಹಾಗೂ ಗುಣಮಟ್ಟದ ಸುಧಾರಣೆಗಾಗಿ ಭಾರತ ಸರ್ಕಾರವು ರಾಜ್ಯಗಳ ಸಹಭಾಗಿತ್ವದಲ್ಲಿ 2009ರ ಮಾರ್ಚ್‌ನಲ್ಲಿ ಆರಂಭಿಸಿದ ಯೋಜನೆ. 2018ರಲ್ಲಿ ಇದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಲೀನಗೊಂಡಿತು.

ಉದ್ದೇಶ

ಪ್ರತಿಯೊಂದು ಜನವಸತಿಗೂ 5 ಕಿ.ಮೀ. ಒಳಗೆ ಪ್ರೌಢಶಾಲೆ ಒದಗಿಸುವುದು ಪ್ರಮುಖ ಗುರಿಯಾಗಿತ್ತು. 2005-06ರಲ್ಲಿ ಶೇ. 52.26ರಷ್ಟಿದ್ದ ಮಾಧ್ಯಮಿಕ ಹಂತದ ದಾಖಲಾತಿಯನ್ನು 5 ವರ್ಷಗಳಲ್ಲಿ ಶೇ. 75ಕ್ಕೆ ಏರಿಸಲು ಉದ್ದೇಶಿಸಲಾಗಿತ್ತು. ಶಿಕ್ಷಣ ಹಕ್ಕು ಕಾಯ್ದೆಯು 14 ವರ್ಷದವರೆಗಿನ ಮಕ್ಕಳಿಗೆ ಮಾತ್ರ ಅನ್ವಯಿಸುವುದರಿಂದ, ಅನಂತರದ ಎರಡು ತರಗತಿಗಳಲ್ಲಿ ಮಕ್ಕಳು ಶಾಲೆ ತೊರೆಯದಂತೆ ತಡೆಯುವ ಹೊಣೆ ಇಂತಹ ಯೋಜನೆಗಳ ಮೇಲಿತ್ತು.

ಸಮನ್ವಯ ವ್ಯವಸ್ಥೆ

ಶಾಲೆಯ ಅಭಿವೃದ್ಧಿ ಯೋಜನೆಗಳನ್ನು ಜಿಲ್ಲಾ ಹಂತದಲ್ಲಿ ಕ್ರೋಡೀಕರಿಸಿ, ರಾಜ್ಯದ ವಾರ್ಷಿಕ ಕ್ರಿಯಾಯೋಜನೆಯನ್ನು ಕೇಂದ್ರದ ಅನುಮೋದನೆಗೆ ಸಲ್ಲಿಸಲಾಗುತ್ತಿತ್ತು. ಆರಂಭದಲ್ಲಿ ಕೇಂದ್ರ ಮತ್ತು ರಾಜ್ಯದ ವೆಚ್ಚದ ಪಾಲು 75:25ರಷ್ಟಿದ್ದು, ಮುಂದೆ 60:40 ಆಯಿತು.

ಮಂಡ್ಯ ಜಿಲ್ಲೆಯಲ್ಲಿ

ಮಂಡ್ಯದಲ್ಲಿರುವ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಅಧೀನದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು ಕಾರ್ಯನಿರ್ವಹಿಸುತ್ತಾರೆ. ಮಂಡ್ಯ ತಾಲ್ಲೂಕಿನಲ್ಲಿ ಉತ್ತರ ಮತ್ತು ದಕ್ಷಿಣ ಎಂಬ ಎರಡು ಶೈಕ್ಷಣಿಕ ವಲಯಗಳಿದ್ದು, ಮದ್ದೂರು ಹಾಗೂ ಮಳವಳ್ಳಿ ಪ್ರತ್ಯೇಕ ವಲಯಗಳಾಗಿವೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಹಳ್ಳಿಗಳಲ್ಲಿ ಶಾಲೆಯ ದೂರವು, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಅಡ್ಡಿಯಾಗಬಲ್ಲದು. ಇದನ್ನು ನೀಗಿಸಲು ರಾಜ್ಯ ಸರ್ಕಾರವು 2006-07ರಲ್ಲಿಯೇ 8ನೇ ತರಗತಿಯವರಿಗೆ ಉಚಿತ ಬೈಸಿಕಲ್ ಯೋಜನೆಯನ್ನು ಆರಂಭಿಸಿತ್ತು.

ಮಿತಿಗಳು ಮತ್ತು ವಿಲೀನ

ಕರ್ನಾಟಕದ ಪ್ರೌಢಶಾಲೆಗಳಲ್ಲಿ 8ರಿಂದ 10ನೇ ತರಗತಿಗಳಿವೆ; ಅಭಿಯಾನವು 9 ಮತ್ತು 10ಕ್ಕೆ ಸೀಮಿತವಾಗಿತ್ತು. 8ನೇ ತರಗತಿಯು ಸರ್ವ ಶಿಕ್ಷಣ ಅಭಿಯಾನದ ವ್ಯಾಪ್ತಿಗೆ ಸೇರಿದ್ದರಿಂದ ಒಂದೇ ಶಾಲೆ ಎರಡು ಯೋಜನೆಗಳಿಗೆ ಹಂಚಿಹೋಗಿತ್ತು. ಶಾಲಾಪೂರ್ವ ಹಂತದಿಂದ 12ನೇ ತರಗತಿಯವರೆಗೆ ಒಂದೇ ಯೋಜನೆ ರೂಪಿಸಿದ ವಿಲೀನವು ಈ ವಿಭಜನೆಯನ್ನು ಕೊನೆಗೊಳಿಸಿತು.