ನಾಲ್ಕು ಚುಕ್ಕಿಗಳ ನಡುವಿನ ವಕ್ರರೇಖೆ

ಮದುವೆಯ ಆಮಂತ್ರಣ ಪತ್ರಿಕೆ ಸಿದ್ಧಪಡಿಸುವ ಡಿ.ಟಿ.ಪಿ. ಅಂಗಡಿಗೆ ಹೋದಾಗ ಅಲ್ಲಿನವರು ಕೆಲಸ ಮಾಡುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಗಣಪತಿಯ ಸೊಂಡಿಲನ್ನು ಬರೆಯಲು ಅವರು ಮೌಸನ್ನು ಸೊಂಡಿಲಿನ ಉದ್ದಕ್ಕೂ ಎಳೆಯುವುದಿಲ್ಲ. ಒಂದು ಕಡೆ ಚುಕ್ಕಿ ಇಡುತ್ತಾರೆ, ತುಸು ದೂರದಲ್ಲಿ ಇನ್ನೊಂದು. ಚುಕ್ಕಿಯ ಎರಡೂ ಬದಿಗೆ ಮೀಸೆಯ ಹಾಗೆ ಕಡ್ಡಿಗಳು ಚಾಚಿಕೊಳ್ಳುತ್ತವೆ. ಕಡ್ಡಿಯ ತುದಿ ಹಿಡಿದು ಎಳೆದರೆ ನಡುವಿನ ಗೆರೆ ಬಳುಕುತ್ತದೆ. ಇಲಸ್ಟ್ರೇಟರ್ ತಂತ್ರಾಂಶದಲ್ಲಿ ಈ ಸಾಧನದ ಹೆಸರು ಪೆನ್ ಟೂಲ್. ಕೋರಲ್ ಡ್ರಾದಲ್ಲಿ ಬೆಜಿಯರ್ ಟೂಲ್.

ಯಾರು ಈ ಬೆಜಿಯರ್? ಅವರು ಚಿತ್ರಕಾರರಲ್ಲ. ಫ್ರಾನ್ಸಿನ ರೆನೋ ಕಾರು ಕಾರ್ಖಾನೆಯಲ್ಲಿ ದುಡಿದ ಮೆಕ್ಯಾನಿಕಲ್ ಇಂಜಿನಿಯರ್; ಫ್ರೆಂಚರ ಬಾಯಲ್ಲಿ ಅವರ ಹೆಸರು ಬೆಝಿಯೆ. ಆದರೆ ಈ ರೇಖೆಯನ್ನು ಅವರಿಗಿಂತ ಮೊದಲೇ ಕಂಡ ಇನ್ನೊಬ್ಬರಿದ್ದರು. ಅವರ ಹೆಸರು ಯಾವ ಟೂಲಿನ ಮೇಲೂ ಬರಲಿಲ್ಲ. ಏಕೆ ಎಂಬುದನ್ನು ತಿಳಿಯಲು 1950ರ ದಶಕದ ಕಾರು ಕಾರ್ಖಾನೆಗೆ ಹೋಗಬೇಕು.

ಆಗ ಕಾರಿನ ಮೈಯ ವಿನ್ಯಾಸ ಕಾಗದದ ಮೇಲೆ ಹುಟ್ಟುತ್ತಿತ್ತು. ಅದನ್ನು ನೋಡಿ ಜೇಡಿಮಣ್ಣಿನಲ್ಲೊ ಪ್ಲಾಸ್ಟರಿನಲ್ಲೊ ಮಾದರಿ ಮಾಡುತ್ತಿದ್ದರು. ಮಾದರಿಯನ್ನು ಅಳೆದು ಮತ್ತೆ ನಕ್ಷೆ, ನಕ್ಷೆಯಿಂದ ತಗಡಿನ ಪಡಿಯಚ್ಚು, ಪಡಿಯಚ್ಚಿನಿಂದ ಉಕ್ಕಿನ ಡೈ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಗೆರೆ ಕೂದಲೆಳೆಯಷ್ಟು ಬದಲಾಗುತ್ತಿತ್ತು. ಕೊನೆಗೆ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರದಿದ್ದರೆ ತಪ್ಪು ಯಾರದೆಂದು ಹೇಳುವುದು ಹೇಗೆ? ಇಷ್ಟರಲ್ಲಿ ಸಂಖ್ಯೆಗಳ ಆದೇಶದಂತೆ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರಗಳು ಬಂದವು. ವೃತ್ತವಾದರೆ ಕೇಂದ್ರ, ತ್ರಿಜ್ಯ ಹೇಳಿದರಾಯಿತು. ಕಾರಿನ ಬಾನೆಟ್ಟಿನ ಬಾಗನ್ನು ಸಂಖ್ಯೆಯಲ್ಲಿ ಹೇಳುವುದು ಹೇಗೆ?

1958ರಲ್ಲಿ ಸಿತ್ರೋಎನ್ ಕಂಪನಿ ಪಾಲ್ ದ ಕಾಸ್ತೆಲ್‌ಝೋ ಎಂಬ ತರುಣ ಗಣಿತಜ್ಞರನ್ನು ಕೆಲಸಕ್ಕೆ ತೆಗೆದುಕೊಂಡಿತು. ಮರು ವರ್ಷವೇ ಅವರು ಕಂಡುಕೊಂಡ ಉಪಾಯ ಎಷ್ಟು ಸರಳವೆಂದರೆ ಅದನ್ನು ನೀವು ಈಗಲೇ ಮಾಡಿ ನೋಡಬಹುದು. ಒಂದು ಗ್ರಾಫ್ ಹಾಳೆ, ಪೆನ್ಸಿಲ್, ಅಳತೆಪಟ್ಟಿ ತೆಗೆದುಕೊಳ್ಳಿ.

ಕ (0,0), ಖ (0,8), ಗ (8,8), ಘ (8,0) ಎಂಬ ನಾಲ್ಕು ಬಿಂದುಗಳನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಗುರುತಿಸಿ. ಕಖ, ಖಗ, ಗಘ ರೇಖೆಗಳನ್ನು ಎಳೆಯಿರಿ. ಅವುಗಳ ಮಧ್ಯಬಿಂದುಗಳು ಚ (0,4), ಛ (4,8), ಜ (8,4). ಈಗ ಚಛ, ಛಜ ಸೇರಿಸಿ ಅವುಗಳ ಮಧ್ಯಬಿಂದು ತೆಗೆಯಿರಿ: ತ (2,6), ಥ (6,6). ತಥ ರೇಖೆಯ ಮಧ್ಯಬಿಂದು ಮ (4,6). ಈ ಮ ನಮಗೆ ಬೇಕಾದ ವಕ್ರರೇಖೆಯ ಮೇಲಿನ ಒಂದು ಬಿಂದು. ತಥ ಅಲ್ಲಿನ ಸ್ಪರ್ಶಕ.

ನಿಲ್ಲಿಸಬೇಡಿ. ಈಗ ನಿಮ್ಮ ಹಾಳೆಯಲ್ಲಿ ನಾಲ್ಕು ನಾಲ್ಕು ಬಿಂದುಗಳ ಎರಡು ಹೊಸ ಗುಂಪುಗಳಿವೆ: ಕ, ಚ, ತ, ಮ ಒಂದು, ಮ, ಥ, ಜ, ಘ ಇನ್ನೊಂದು. ಪ್ರತಿ ಗುಂಪಿಗೂ ಇದೇ ಕ್ರಮ ಅನುಸರಿಸಿ. ಮೂರ್ನಾಲ್ಕು ಸುತ್ತು ಮುಗಿಯುವುದರೊಳಗೆ ಕದಿಂದ ಘವರೆಗೆ ಕಮಾನಿನಂಥ ನಯವಾದ ರೇಖೆ ಕಾಣಿಸಿಕೊಳ್ಳುತ್ತದೆ. ಅದು ಖ, ಗಗಳನ್ನು ಮುಟ್ಟುವುದಿಲ್ಲ. ಅವುಗಳ ಕಡೆಗೆ ವಾಲುತ್ತದೆ, ಅಷ್ಟೆ. ಅಂಗಡಿಯಲ್ಲಿ ಕಂಡ ಕಡ್ಡಿಗಳ ತುದಿಗಳೇ ಈ ಖ ಮತ್ತು ಗ.

ದ್ವಿಪದ ಪ್ರಮೇಯ ಓದಿರುವ ಪಿಯುಸಿ ವಿದ್ಯಾರ್ಥಿಗಳು ಇನ್ನೊಂದನ್ನು ಪರೀಕ್ಷಿಸಲಿ. ಕ, ಖ, ಗ, ಘಗಳನ್ನು 1, 3, 3, 1ರಿಂದ ಗುಣಿಸಿ, ಕೂಡಿಸಿ, 8ರಿಂದ ಭಾಗಿಸಿದರೆ ಮ ಸಿಗುತ್ತದೆ. ಇದರ ಹಿಂದಿರುವ ಬಹುಪದೋಕ್ತಿಗಳನ್ನು ಸೆರ್ಗೈ ಬರ್ನ್‌ಸ್ಟೈನ್ ಎಂಬ ಗಣಿತಜ್ಞರು 1912ರಲ್ಲೇ ಬೇರೊಂದು ಪ್ರಮೇಯದ ಸಾಧನೆಗಾಗಿ ಬಳಸಿದ್ದರು. ಮೋಟಾರು ಕಾರಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ದ ಕಾಸ್ತೆಲ್‌ಝೋ ತಮ್ಮ ವಿಧಾನವನ್ನು ಬರೆದು ಕಂಪನಿಗೆ ಒಪ್ಪಿಸಿದರು. ಕಂಪನಿ ಅದನ್ನು ಬೀಗ ಹಾಕಿ ಇಟ್ಟಿತು. ಪ್ರತಿಸ್ಪರ್ಧಿಗಳಿಗೆ ಗುಟ್ಟು ತಿಳಿಯಬಾರದೆಂಬುದು ವ್ಯಾಪಾರದ ದೃಷ್ಟಿಯಿಂದ ಸಹಜವೇ. ಆದರೆ ಅದೇ ದೇಶದ ರೆನೋದಲ್ಲಿ ಪಿಯರ್ ಬೆಝಿಯೆ 1960ರ ಸುಮಾರಿಗೆ ಅದೇ ಸಮಸ್ಯೆಗೆ ಕೈ ಹಾಕಿದರು. 1933ರಿಂದ ಅಲ್ಲೇ ದುಡಿದು ಯಂತ್ರಗಳ ಒಳಹೊರಗು ಬಲ್ಲವರು ಅವರು. ಬೇರೆ ದಾರಿಯಲ್ಲಿ ಹೊರಟು ಅದೇ ರೇಖೆಗೆ ಬಂದು ಮುಟ್ಟಿದರು. ಅವರ ಯೂನಿಸರ್ಫ್ ವ್ಯವಸ್ಥೆ 1968ರಲ್ಲಿ ಬಳಕೆಗೆ ಬಂತು. ಮುಖ್ಯ ವ್ಯತ್ಯಾಸವೆಂದರೆ, ಬೆಝಿಯೆ 1960ರ ದಶಕದಲ್ಲೇ ತಮ್ಮ ವಿಧಾನದ ಬಗ್ಗೆ ಲೇಖನಗಳನ್ನು ಪ್ರಕಟಿಸಿದರು. ಓದಿದವರು ರೇಖೆಗೆ ಅವರ ಹೆಸರನ್ನಿಟ್ಟರು. ಅದು ಬರ್ನ್‌ಸ್ಟೈನ್ ಬಹುಪದೋಕ್ತಿಗಳೇ ಎಂಬುದನ್ನು ಬ್ರಿಟನ್ನಿನ ರಾಬಿನ್ ಫಾರೆಸ್ಟ್ 1972ರಲ್ಲಿ ತೋರಿಸಿಕೊಟ್ಟರು. ಸಿತ್ರೋಎನ್ ವರದಿಗಳು ಜರ್ಮನ್ ಗಣಿತಜ್ಞ ವೋಲ್ಫ್‌ಗಾಂಗ್ ಬೋಮ್ ಅವರ ಕೈಗೆ ಸಿಕ್ಕಿದ್ದು 1970ರ ದಶಕದ ಮಧ್ಯಭಾಗದಲ್ಲಿ. ಅಷ್ಟು ಹೊತ್ತಿಗೆ ನಾಮಕರಣ ಮುಗಿದುಹೋಗಿತ್ತು. ಮಧ್ಯಬಿಂದು ತೆಗೆಯುವ ಕ್ರಮಕ್ಕೆ ಮಾತ್ರ ದ ಕಾಸ್ತೆಲ್‌ಝೋ ಹೆಸರು ಉಳಿಯಿತು.

ಕಾರಿನ ರೇಖೆ ಅಕ್ಷರಕ್ಕೆ ಬಂದದ್ದು ಹೇಗೆ? ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾರ್ಯಕ್ರಮದ ಶೀರ್ಷಿಕೆಯ ಸಣ್ಣ ಚಿತ್ರವನ್ನು ತೆರೆಯ ತುಂಬ ಹಿಗ್ಗಿಸಿದೆ. ಅಕ್ಷರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದು ನಗೆಪಾಟಲಾಯಿತು. ಚಿತ್ರ ಪಿಕ್ಸೆಲ್‌ಗಳಲ್ಲಿತ್ತು, ಹಿಗ್ಗಿಸಿದಾಗ ಚೌಕಗಳು ದೊಡ್ಡವಾದವೇ ಹೊರತು ಹೊಸ ವಿವರವೇನೂ ಹುಟ್ಟಲಿಲ್ಲ. ವಿಜ್ಞಾನ ಓದಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು ಎಂದು ಹಿರಿಯ ಕಲಾವಿದರೊಬ್ಬರು ಛೇಡಿಸಿದರು. ಅದೇ ಅಕ್ಷರವನ್ನು ನಾಲ್ಕು ನಾಲ್ಕು ಬಿಂದುಗಳ ತುಣುಕುಗಳಾಗಿ ಬರೆದಿಟ್ಟಿದ್ದರೆ? ಬಿಂದುಗಳ ಬೆಲೆಯನ್ನು ಹತ್ತರಿಂದ ಗುಣಿಸಿ ರೇಖೆಯನ್ನು ಹೊಸದಾಗಿ ಎಳೆದರಾಯಿತು. ಅಂಚು ನಯವಾಗಿಯೇ ಇರುತ್ತದೆ. ವೆಕ್ಟರ್ ಚಿತ್ರ ಎನ್ನುವುದು ಇದನ್ನೇ.

1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಇವಾನ್ ಸದರ್‌ಲ್ಯಾಂಡ್ ತಮ್ಮ ಸ್ಕೆಚ್‌ಪ್ಯಾಡ್ ತಂತ್ರಾಂಶದಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆದು ತೋರಿಸಿದ್ದರು. ಅಲ್ಲಿದ್ದುದು ಮುಖ್ಯವಾಗಿ ಸರಳರೇಖೆ ಮತ್ತು ವೃತ್ತದ ಕಂಸಗಳು. 1982ರಲ್ಲಿ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ ಅಡೋಬಿ ಕಂಪನಿ ಕಟ್ಟಿದರು. 1984ರ ಅವರ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಅಕ್ಷರಗಳ ಅಂಚನ್ನು ಬೆಝಿಯೆ ರೇಖೆಗಳಿಂದಲೇ ವಿವರಿಸಿತು. ಮರು ವರ್ಷ ಆಪಲ್‌ನ ಲೇಸರ್ ಪ್ರಿಂಟರ್ ಅದನ್ನು ಇಂಚಿಗೆ 300 ಚುಕ್ಕಿಗಳಲ್ಲಿ ಅಚ್ಚು ಮಾಡಿತು. ರೇಖೆಯ ಕಡ್ಡಿಗಳನ್ನು ಕಲಾವಿದರ ಕೈಗೇ ಕೊಟ್ಟದ್ದು 1987ರ ಇಲಸ್ಟ್ರೇಟರ್. 1989ರಲ್ಲಿ ಕೋರಲ್ ಡ್ರಾ ಬಂತು.

ಸರಳರೇಖೆ ವಿರಳವಾಗಿರುವ ನಮ್ಮ ಕನ್ನಡ ಲಿಪಿಗೆ ಇದು ಒದಗಿಬಂದ ರೇಖೆ. ಠ ಅಕ್ಷರವನ್ನು ನೋಡಿ, ಹೆಚ್ಚು ಕಡಿಮೆ ವೃತ್ತ. ತಮಾಷೆಯೆಂದರೆ ನಾಲ್ಕು ಬಿಂದುಗಳ ಬೆಝಿಯೆ ರೇಖೆಯಿಂದ ನಿಖರವಾದ ವೃತ್ತ ಬರೆಯಲು ಸಾಧ್ಯವೇ ಇಲ್ಲ! ನಾಲ್ಕು ತುಣುಕು ಜೋಡಿಸಿದರೆ ತ್ರಿಜ್ಯದಲ್ಲಿ ಹತ್ತು ಸಾವಿರಕ್ಕೆ ಮೂರರಷ್ಟೂ ತಪ್ಪಾಗುವುದಿಲ್ಲ. ಒಂದು ಮೀಟರ್ ತ್ರಿಜ್ಯದ ಫಲಕದಲ್ಲಿ ಅದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಕಣ್ಣಿಗೆ ಕಾಣುವುದಿಲ್ಲ.

ಬೆಝಿಯೆ 1999ರಲ್ಲಿ ತೀರಿಕೊಂಡರು. ಆಕೃತಿಗಳ ಗಣಿತದಲ್ಲಿ ದುಡಿದವರಿಗೆ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿ ಇದೆ. 2012ರಲ್ಲಿ ಅದು ಸಂದದ್ದು ಎಂಬತ್ತು ದಾಟಿದ್ದ ಪಾಲ್ ದ ಕಾಸ್ತೆಲ್‌ಝೋ ಅವರಿಗೆ. ಅವರು 2022ರಲ್ಲಿ ನಿಧನರಾದರು.

ನಿಮ್ಮ ಕಾಲೇಜಿನ ಗಣಕಯಂತ್ರದಲ್ಲಿ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಇದ್ದರೆ ಗ್ರಾಫ್ ಹಾಳೆಯ ಕಮಾನನ್ನು ಅಲ್ಲೂ ಬರೆಯಿರಿ. ನೋಡ್ ಟೂಲ್ ಹಿಡಿದು ರೇಖೆಯ ನೆತ್ತಿಯ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ. ಹೊಸ ಚುಕ್ಕಿಯೊಂದು ಮೂಡುತ್ತದೆ, ಆದರೆ ರೇಖೆ ಕದಲುವುದಿಲ್ಲ. ಕ್ಲಿಕ್ ಸರಿಯಾಗಿ ನಡುವೆ ಬಿದ್ದಿದ್ದರೆ ಆ ಚುಕ್ಕಿಯೇ ನಿಮ್ಮ ಮ. ಅದರ ಎರಡು ಕಡ್ಡಿಗಳ ತುದಿಗಳನ್ನು ತ, ಥಗಳೊಡನೆ ಹೋಲಿಸಿ ನೋಡಿ.