ನಾಲ್ಕನೆಯ ಮೈಸೂರು ಯುದ್ಧಕ್ಕೆ ಕಂಪೆನಿಯವರು ಹೇಳಿದ ಕಾರಣಗಳು

1799ರ ಯುದ್ಧಕ್ಕೆ ಕಂಪೆನಿ ಸರ್ಕಾರದವರು ಕೊಟ್ಟ ಕಾರಣಗಳನ್ನು ಕಾಲಕ್ರಮದಲ್ಲಿಟ್ಟು ನೋಡತಕ್ಕುದು. ಮೊದಲನೆಯದು, ಮಾರಿಷಸ್ಸಿನ ಫ್ರೆಂಚ್ ಗೌರ್ನರ್ ಮಲಾರ್ತಿಕನು 1798ರ ಜನವರಿಯಲ್ಲಿ ಹೊರಡಿಸಿದ ಪ್ರಕಟನೆ. ಟೀಪು ಸುಲ್ತಾನನು ಫ್ರೆಂಚರ ನೆರವನ್ನು ಬೇಡಿದುದು ನಿಜವೇ; ಆದರೆ ಮಂಗಳೂರಿಗೆ ಬಂದಿಳಿದವರು ನೂರು ಮಂದಿಯೂ ಇಲ್ಲ. ಬಳಿಕ ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯ ಭೀತಿಯನ್ನು ಮುಂದೊಡ್ಡಿದರು. ಆಗಸ್ಟಿನಲ್ಲಿ ನೈಲ್ ನದಿಯ ಮುಖದಲ್ಲಿ ಫ್ರೆಂಚ್ ನೌಕಾಬಲವು ನಾಶವಾಯಿತು. ಅಕ್ಟೋಬರಿನಲ್ಲಿ ಹೈದರಾಬಾದಿನ ಫ್ರೆಂಚ್ ಪಡೆಯೂ ನಿರಾಯುಧವಾಯಿತು. ಭಯವು ತಗ್ಗಿದಂತೆ ವೆಲ್ಲೆಸ್ಲಿಯ ಪಟ್ಟು ಸಡಿಲಬೇಕಾಗಿದ್ದಿತು, ಬಿಗಿಯಾಯಿತು. 1799ರ ಜನವರಿ 9ರ ಪತ್ರಕ್ಕೆ ಒಂದೇ ದಿನದೊಳಗೆ ಉತ್ತರ ಬೇಕೆಂದನು; ಫೆಬ್ರವರಿ 22ರ ಘೋಷಣೆಯಲ್ಲಿ ಉತ್ತರದ ವಿಳಂಬವೂ ಅಪರಾಧಗಳೊಡನೆ ಸೇರಿತು!

ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ, ಪ್ರಾಚೀನ ರಾಜವಂಶದ ಪುನಃಸ್ಥಾಪನೆಯೆಂಬ ಮಾತು ಮುಂದಾಯಿತು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಹರವೆ, ಗುಂಡ್ಲುಪೇಟೆಗಳ ಸೀಮೆಯೇನೋ ಅವರಿಗುಳಿಯಿತು. ಅದರಾಚೆ ಘಟ್ಟದ ಕೆಳಗಣ ಕೊಯಮತ್ತೂರು ಹೈದರನು ಗೆದ್ದ ನಾಡಲ್ಲ, 17ನೆಯ ಶತಮಾನದಲ್ಲಿಯೇ ಒಡೆಯರ ವಶಕ್ಕೆ ಬಂದಿದ್ದುದು. ಪುನಃಸ್ಥಾಪನೆಯೇ ಉದ್ದೇಶವಾಗಿದ್ದರೆ ಅದೂ ಮರಳಬೇಕಾಗಿದ್ದಿತು. ಕಂಪೆನಿಯವರು ಅದನ್ನು ತಾವಿಟ್ಟುಕೊಂಡು, ಬಾಲಕನ ಸಂಸ್ಥಾನದ ಮೇಲೆ ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಹೊರಿಸಿದರು.