ಹಿಮದ ಮೇಲೆ ಚಕ್ರದ ಹಿಡಿತ

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರಿನ ಬ್ರೇಕ್ ಒತ್ತಿದರೆ ಅದು ಎಷ್ಟು ದೂರ ಹೋಗಿ ನಿಂತೀತು? ಒಣ ಡಾಂಬರಿನ ಮೇಲೆ ಘರ್ಷಣಾ ಗುಣಾಂಕ ಸುಮಾರು 0.8 ಎಂದಿಟ್ಟುಕೊಂಡರೆ ಎಂಟು ಮೀಟರು ಸಾಕು. ಮಂಜುಗಡ್ಡೆಯ ಮೇಲೆ ಅದು 0.1ಕ್ಕೆ ಇಳಿದರೆ ಅರವತ್ತು ಮೀಟರು ದಾಟುತ್ತದೆ. ನಡುವಿನ ಆ ದೂರದಲ್ಲಿ ಒಂದು ಮಗು ರಸ್ತೆ ದಾಟುತ್ತಿರಬಹುದು.

ಮೊದಮೊದಲು ಚಾಲಕರು ಚಕ್ರಕ್ಕೆ ಹಗ್ಗವನ್ನೋ ಬಳ್ಳಿಯನ್ನೋ ಸುತ್ತುತ್ತಿದ್ದರಂತೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಹಗ್ಗದ ಬದಲು ಸರಪಳಿ ಬಳಸಿ 1904ರಲ್ಲಿ ಪೇಟೆಂಟ್ ಪಡೆದರು. ಮಳೆಗಾಲದಲ್ಲಿ ಮಲೆನಾಡಿನ ತೋಟದ ಜೀಪುಗಳಿಗೆ ಸರಪಳಿ ಕಟ್ಟುವುದನ್ನು ನೋಡಿದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಯಾವ ಸಾಧನ ಎಷ್ಟು ಉಪಯುಕ್ತವೆಂದು ತಿಳಿಯುವುದು ಹೇಗೆ? ಜಾಹೀರಾತು ಓದಿಯಂತೂ ಅಲ್ಲ! ಅಮೆರಿಕದ ನ್ಯಾಷನಲ್ ಸೇಫ್ಟಿ ಕೌನ್ಸಿಲ್‌ನ ಸಮಿತಿಯೊಂದು ವಿಸ್ಕಾನ್ಸಿನ್ ರಾಜ್ಯದ ಮಂಜುಗಡ್ಡೆಯ ಮೇಲೆ ವಾಹನಗಳನ್ನು ಓಡಿಸಿ, ಬ್ರೇಕ್ ಒತ್ತಿ, ಜಾರಿದ ದೂರವನ್ನು ಅಳೆಯಿತು. ಇಲ್ಲೊಂದು ಸೂಕ್ಷ್ಮವಿದೆ. ಕೊರೆಯುವ ಚಳಿಯ ಗಡ್ಡೆಗಿಂತ, ಸೊನ್ನೆ ಡಿಗ್ರಿಯ ಆಸುಪಾಸಿನ ಗಡ್ಡೆಯೇ ಹೆಚ್ಚು ಜಾರುತ್ತದೆ; ಅದರ ಮೇಲೆ ತೆಳ್ಳನೆಯ ನೀರಿನ ಪೊರೆ ಇರುತ್ತದೆ. ಹೀಗಾಗಿ ಒಂದು ಟೈರನ್ನು ಬೆಳಗಿನ ಜಾವ, ಇನ್ನೊಂದನ್ನು ನಡುಮಧ್ಯಾಹ್ನ ಪರೀಕ್ಷಿಸಿ ಹೋಲಿಸಿದರೆ ಫಲಿತಾಂಶಕ್ಕೆ ಕವಡೆಯ ಬೆಲೆಯೂ ಇಲ್ಲ.

1960ರ ದಶಕದಲ್ಲಿ ಮೊಳೆ ಟೈರುಗಳ ಬಳಕೆ ಹಬ್ಬಿತು. ರಬ್ಬರಿನಿಂದ ತುಸುವೇ ಹೊರಚಾಚಿದ, ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಮೊಳೆಗಳು ಗಡ್ಡೆಯನ್ನು ಕಚ್ಚಿ ಹಿಡಿಯುತ್ತಿದ್ದವು. ಹಿಮ ಕರಗಿದ ಮೇಲೆ ಅವೇ ಮೊಳೆಗಳು ರಸ್ತೆಯನ್ನೂ ಅರೆದವು. ಜಪಾನಿನ ಸೆಂಡೈ, ಸಪ್ಪೊರೊ ನಗರಗಳಲ್ಲಿ 1980ರ ದಶಕದ ವೇಳೆಗೆ ಡಾಂಬರಿನ ಧೂಳು ಜನರ ಶ್ವಾಸಕೋಶದ ಪ್ರಶ್ನೆಯಾಯಿತು. 1990ರಲ್ಲಿ ಜಪಾನ್ ಈ ಟೈರುಗಳನ್ನು ನಿಯಂತ್ರಿಸುವ ಕಾನೂನು ತಂದಿತು. ಜಾರುವ ಅಪಾಯ ಒಂದು ಕಡೆ, ಉಸಿರಿನ ಅಪಾಯ ಇನ್ನೊಂದು ಕಡೆ. ಯಾವುದು ದೊಡ್ಡದು? ನನ್ನ ಮಟ್ಟಿಗೆ, ಧೂಳನ್ನು ಎಲ್ಲರೂ ಉಸಿರಾಡಬೇಕು, ಕಾರಿಲ್ಲದವರೂ ಸಹ. ಆದ್ದರಿಂದ ಆ ನಿರ್ಧಾರ ಸರಿಯೇ.

ಧೂಳು ಇಳಿಯಿತು. ಆದರೆ ಗಡ್ಡೆಯನ್ನು ಗೀರಿ ಒರಟಾಗಿಸುತ್ತಿದ್ದ ಮೊಳೆಗಳೇ ಇಲ್ಲವಾದಾಗ, ಮೊಳೆರಹಿತ ಟೈರುಗಳು ಸಪ್ಪೊರೊದ ರಸ್ತೆಗಳನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ನುಣುಪಾಗಿಸಿದವು. ಈಗ ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಕೂಡುಗಳ ಬಳಿ ಮರಳಿನ ಪೆಟ್ಟಿಗೆಗಳನ್ನು ಇಟ್ಟಿರುತ್ತಾರೆ. ಪಾದಚಾರಿಗಳೇ ಮರಳು ತೆಗೆದು ಕಾಲ ಕೆಳಗೆ ಚೆಲ್ಲಿಕೊಂಡು ದಾಟುತ್ತಾರೆ.